ಏವನ್ ಕಂಪನಿಯ ಟ್ಯಾಲೆಂಟ್ ಮ್ಯಾನೇಜ್‌ಮೆಂಟ್: ಕಚೇರಿಯಲ್ಲಿ ಸರಿಹೋದದ್ದು ಮನೆಬಾಗಿಲಿಗೆ ಏಕೆ ತಲುಪಲಿಲ್ಲ?

ಎಂಬಿಎ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ.

ಮಾನವ ಸಂಪನ್ಮೂಲ (ಎಚ್‌ಆರ್) ವಿಷಯದ ಸೆಮಿನಾರಿಗಾಗಿ ನಾನು ಏವನ್ ಕಂಪನಿಯನ್ನು ಆರಿಸಿಕೊಂಡಿದ್ದೇನೆ. ಸೌಂದರ್ಯವರ್ಧಕಗಳನ್ನು ಅಂಗಡಿಯ ಮೂಲಕವಲ್ಲದೆ ಪ್ರತಿನಿಧಿಗಳ ಕೈಯಿಂದ ನೇರವಾಗಿ ಮನೆಗಳಿಗೆ ಮಾರುತ್ತ ಬೆಳೆದ, ಅಮೆರಿಕದಲ್ಲಿ ಹುಟ್ಟಿದ ಈ ಕಂಪನಿಯ ಬಗ್ಗೆ ಓದುತ್ತ ಹೋದಂತೆ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಅನುಭವವುಳ್ಳವರು ಏನು ಹೇಳುತ್ತಾರೆಂದು ತಿಳಿಯುವ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಮನೆ ಮನೆಗೆ ಹೋಗಿ ಪುಸ್ತಕ ಮಾರುತ್ತಿದ್ದ ಡೇವಿಡ್ ಮ್ಯಾಕ್‌ಕಾನೆಲ್ ಎಂಬವರು, ತಾವು ಉಚಿತವಾಗಿ ಕೊಡುತ್ತಿದ್ದ ಸುಗಂಧದ್ರವ್ಯದ ಮಾದರಿಗಳಿಗೆ ಪುಸ್ತಕಗಳಿಗಿಂತ ಹೆಚ್ಚು ಬೇಡಿಕೆಯಿರುವುದನ್ನು ಗಮನಿಸಿ, 1886ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾಲಿಫೋರ್ನಿಯಾ ಪರ್ಫ್ಯೂಮ್ ಕಂಪನಿಯನ್ನು ಆರಂಭಿಸಿದರು. 1939ರಲ್ಲಿ ಅದಕ್ಕೆ ಏವನ್ ಎಂಬ ಹೆಸರು ಬಂತು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿಂಚೆಸ್ಟರ್ ಊರಿನ ಶ್ರೀಮತಿ ಆಲ್ಬೀ ಅವರು ಕಂಪನಿಯ ಮೊದಲ ಮಾರಾಟ ಪ್ರತಿನಿಧಿ. ಅಮೆರಿಕದ ಸಂವಿಧಾನ ಮಹಿಳೆಯರ ಮತದಾನದ ಹಕ್ಕನ್ನು ಒಪ್ಪಿಕೊಳ್ಳುವುದಕ್ಕೆ ಇನ್ನೂ 34 ವರ್ಷ ಬಾಕಿ ಇದ್ದಾಗ ಒಬ್ಬ ಗೃಹಿಣಿಗೆ ಸ್ವಂತ ದುಡಿಮೆಯ ದಾರಿ ತೋರಿಸಿದ ಕಂಪನಿ ಇದು. ಅಂಥ ಕಂಪನಿಯ ಸಿಇಒ ಹುದ್ದೆಗೆ ಮಹಿಳೆಯೊಬ್ಬರು ಬರಲು 113 ವರ್ಷ ಬೇಕಾಯಿತು. 1999ರಲ್ಲಿ ಆಂಡ್ರಿಯಾ ಜಂಗ್ ಆ ಸ್ಥಾನಕ್ಕೆ ಬಂದರು.

ಅವರ ಮೊದಲ ವರ್ಷಗಳಲ್ಲಿ ವ್ಯಾಪಾರ ಸೊಗಸಾಗಿ ಬೆಳೆಯಿತು. 2005ರಲ್ಲಿ ಬೆಳವಣಿಗೆ ಇದ್ದಕ್ಕಿದ್ದಂತೆ ನಿಂತಿತು. ಆಗ ಕಂಪನಿ ತನ್ನ ಆಡಳಿತದ ಹದಿನೈದು ಹಂತಗಳನ್ನು ಎಂಟಕ್ಕೆ ಇಳಿಸಿತು, ಮ್ಯಾನೇಜರ್‌ಗಳ ಸಂಖ್ಯೆಯನ್ನು ಹೆಚ್ಚುಕಡಿಮೆ ಕಾಲು ಭಾಗದಷ್ಟು ಕಡಿತಗೊಳಿಸಿತು ಮತ್ತು ಪ್ರತಿಭೆಯನ್ನು ಗುರುತಿಸಿ ಬೆಳೆಸುವ ಇಡೀ ಪದ್ಧತಿಯನ್ನು, ಅಂದರೆ ಟ್ಯಾಲೆಂಟ್ ಮ್ಯಾನೇಜ್‌ಮೆಂಟನ್ನು, ಹೊಸದಾಗಿ ಕಟ್ಟಿತು. ಆ ಹೊಸ ಪದ್ಧತಿಯನ್ನು ಇವತ್ತಿಗೂ ತರಗತಿಗಳಲ್ಲಿ ಮಾದರಿಯೆಂದು ಕಲಿಸುತ್ತಾರೆ. ಆದರೆ 2012ರ ಹೊತ್ತಿಗೆ ಜಂಗ್ ಸಿಇಒ ಸ್ಥಾನ ಬಿಟ್ಟಿದ್ದರು. 2016ರಲ್ಲಿ ಉತ್ತರ ಅಮೆರಿಕದ ವ್ಯಾಪಾರದ ಬಹುಪಾಲು ಬೇರೆಯವರ ಕೈ ಸೇರಿತು. 2020ರ ಜನವರಿಯಲ್ಲಿ ಬ್ರೆಜಿಲಿನ ನಾಟುರಾ ಕಂಪನಿ ಏವನ್ನನ್ನು ತನ್ನದಾಗಿಸಿಕೊಂಡಿತು.

ನನ್ನ ಪ್ರಶ್ನೆ ಹೀಗಿದೆ: ಟ್ಯಾಲೆಂಟ್ ಮ್ಯಾನೇಜ್‌ಮೆಂಟ್ ಅಷ್ಟು ಚೆನ್ನಾಗಿದ್ದರೆ ಕಂಪನಿ ಏಕೆ ಉಳಿಯಲಿಲ್ಲ? ಆ ಪದ್ಧತಿಯಲ್ಲೇ ಏನಾದರೂ ಕೊರತೆ ಇತ್ತೇ, ಅಥವಾ ಒಳ್ಳೆಯ ಪದ್ಧತಿಯನ್ನು ತಪ್ಪು ಜಾಗತಿಕ ಕಾರ್ಯತಂತ್ರಕ್ಕೆ ಜೋಡಿಸಲಾಯಿತೇ? ನನ್ನ ಮಾರ್ಗದರ್ಶಕರು ಇವೆರಡೂ ಬೇರೆ ಬೇರೆ ವಿಷಯಗಳೆಂದು ಹೇಳುತ್ತಾರೆ. ನನಗೆ ಅವೆರಡೂ ಒಂದೇ ವಿಷಯದ ಎರಡು ಮುಖಗಳೆಂದು ಅನಿಸುತ್ತದೆ, ಆದರೆ ಅದನ್ನು ಸಮರ್ಥಿಸಲು ನನ್ನ ಬಳಿ ಸಾಕಷ್ಟು ಆಧಾರವಿಲ್ಲ.

---

ಎಚ್‌ಆರ್ ವೃತ್ತಿ, ಬೆಂಗಳೂರು

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಎಚ್‌ಆರ್ ವಿಭಾಗದಲ್ಲಿ ಕೆಲಸ ಮಾಡಿರುವ ನನ್ನಂಥವರಿಗೆ ಏವನ್ ಕಂಪನಿಯ ಆ ಪ್ರಯೋಗ ಬಹಳ ಕಲಿಸಿದೆ. ಆದ್ದರಿಂದ ಮೊದಲು ಅದರ ಪರವಾಗಿ ಮಾತನಾಡುತ್ತೇನೆ.

2005ರಲ್ಲಿ ನಿಂತದ್ದು ಏನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಗ ಏವನ್ ಸುಮಾರು 810 ಕೋಟಿ ಡಾಲರ್ ವಹಿವಾಟಿನ ಕಂಪನಿಯಾಗಿತ್ತು. ನೂರಕ್ಕೂ ಹೆಚ್ಚು ದೇಶಗಳಲ್ಲಿ ಅದರ ಸರಕು ಮಾರಾಟವಾಗುತ್ತಿತ್ತು. ಆದರೆ ಒಳಗಿನಿಂದ ನೋಡಿದರೆ ಅದು ಒಂದು ಸಾಮ್ರಾಜ್ಯಕ್ಕಿಂತ ಹೆಚ್ಚಾಗಿ ಸಾಮಂತರ ಒಕ್ಕೂಟದಂತಿತ್ತು. ಒಂದೊಂದು ದೇಶದ ಜನರಲ್ ಮ್ಯಾನೇಜರ್ ತನ್ನ ಸೀಮೆಗೆ ತಾನೇ ಒಡೆಯ. ಯಾವ ಸರಕು ತಯಾರಿಸಬೇಕು, ಹೇಗೆ ಜಾಹೀರಾತು ಕೊಡಬೇಕು, ಯಾರನ್ನು ಬಡ್ತಿಗೆ ಆರಿಸಬೇಕು ಎಂಬುದೆಲ್ಲ ಹೆಚ್ಚಾಗಿ ಅಲ್ಲಲ್ಲೇ ತೀರ್ಮಾನವಾಗುತ್ತಿತ್ತು. ಕಂಪನಿ ಚಿಕ್ಕದಿದ್ದಾಗ ಇದರಿಂದ ಚುರುಕುತನ ಬಂದಿತ್ತು. ದೊಡ್ಡದಾದ ಮೇಲೆ ಒಂದೇ ಬಗೆಯ ಲಿಪ್‌ಸ್ಟಿಕ್ಕನ್ನು ಹತ್ತು ಕಡೆ ಹತ್ತು ರೀತಿಯಲ್ಲಿ ತಯಾರಿಸುವ ಖರ್ಚು ಬಂತು.

ಆ ಸಂದರ್ಭದಲ್ಲಿ ಭಾರತ ಮೂಲದ ಸಲಹೆಗಾರ ರಾಮ್ ಚರಣ್ ಅವರು ಜಂಗ್ ಅವರಿಗೆ ಕೊಟ್ಟ ಸಲಹೆಯನ್ನು ಜಂಗ್ ಸ್ವತಃ ಹಲವು ಬಾರಿ ಬಹಿರಂಗವಾಗಿ ಹೇಳಿಕೊಂಡಿದ್ದಾರೆ: ಶುಕ್ರವಾರ ಸಂಜೆ ಕೆಲಸದಿಂದ ವಜಾ ಆದವರಂತೆ ಮನೆಗೆ ಹೋಗಿ, ಸೋಮವಾರ ಬೆಳಿಗ್ಗೆ ಹೊಸದಾಗಿ ನೇಮಕಗೊಂಡವರಂತೆ ಬನ್ನಿ ಎಂಬುದು ಅದರ ತಾತ್ಪರ್ಯ. ತಾವೇ ಆರಿಸಿ ಬೆಳೆಸಿದ ಜನರನ್ನು ಮನೆಗೆ ಕಳಿಸುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಅವರು ಅದನ್ನು ಮಾಡಿದರು. 2005ರ ಕೊನೆಯಲ್ಲಿ ಸುಮಾರು 50 ಕೋಟಿ ಡಾಲರ್ ವೆಚ್ಚದ ಪುನಾರಚನೆ ಘೋಷಣೆಯಾಯಿತು. ಮಾರ್ಕೆಟಿಂಗ್ ಮತ್ತು ಸರಬರಾಜಿನ ಅಧಿಕಾರವನ್ನು ದೇಶಗಳ ಕೈಯಿಂದ ತೆಗೆದು ಜಾಗತಿಕ ವಿಭಾಗಗಳಿಗೆ ಕೊಡಲಾಯಿತು.

ಇಷ್ಟು ಮಾಡಿದ ಮೇಲೆ ಅವರಿಗೆ ಎದುರಾದದ್ದು ಜನರ ಪ್ರಶ್ನೆ. ಸ್ವಂತ ಸೀಮೆ ಆಳಿ ರೂಢಿಯಾದ ಮ್ಯಾನೇಜರ್ ಜಾಗತಿಕ ವ್ಯವಸ್ಥೆಯಲ್ಲಿ, ಅಂದರೆ ಇಬ್ಬರು ಮೇಲಧಿಕಾರಿಗಳಿಗೆ ಉತ್ತರ ಹೇಳಬೇಕಾದ ಮ್ಯಾಟ್ರಿಕ್ಸ್ ರಚನೆಯಲ್ಲಿ, ಕೆಲಸ ಮಾಡಬಲ್ಲನೇ? ಯಾರು ಬಲ್ಲರು, ಯಾರು ಬಲ್ಲರಲ್ಲ ಎಂದು ತಿಳಿಯಲು ಕಂಪನಿಯ ಬಳಿ ಯಾವ ಸಾಧನವೂ ಇರಲಿಲ್ಲ. ಮಾರ್ಕ್ ಎಫ್ರನ್ ಅವರ ನೇತೃತ್ವದ ಟ್ಯಾಲೆಂಟ್ ತಂಡ ಹಳೆಯ ಪದ್ಧತಿಯನ್ನು ಪರಿಶೀಲಿಸಿದಾಗ ಕಂಡ ದೋಷಗಳು ನಮ್ಮ ಅನೇಕ ಕಚೇರಿಗಳಿಗೂ ಒಪ್ಪುತ್ತವೆ: ತಾನು ಎಲ್ಲಿದ್ದೇನೆಂದು ಉದ್ಯೋಗಿಗೆ ತಿಳಿಯುತ್ತಿರಲಿಲ್ಲ, ಚೆನ್ನಾಗಿ ದುಡಿದವರಿಗೂ ಸಾಧಾರಣವಾಗಿ ದುಡಿದವರಿಗೂ ಒಂದೇ ಅಳತೆ, ನಮೂನೆಗಳು ಜಟಿಲ, ಮೌಲ್ಯಮಾಪನ ಯಾವಾಗಲೋ ಒಮ್ಮೆ, ತೀರ್ಮಾನಗಳಲ್ಲಿ ಅಂಕಿಅಂಶಕ್ಕಿಂತ ಮಮಕಾರಕ್ಕೆ ಹೆಚ್ಚು ತೂಕ, ಕೊನೆಗೆ ಒಬ್ಬರು ಎಷ್ಟೇ ಅಂಕ ಪಡೆದರೂ ಅದರಿಂದ ಏನೂ ಆಗುತ್ತಿರಲಿಲ್ಲ.

ಅವರು ಮೂರು ತತ್ತ್ವಗಳನ್ನು ಹಿಡಿದುಕೊಂಡರು. ಪದ್ಧತಿ ಸರಳವಾಗಿರಬೇಕು, ಪಾರದರ್ಶಕವಾಗಿರಬೇಕು, ಮತ್ತು ಮ್ಯಾನೇಜರ್ ಅದಕ್ಕೆ ಹೊಣೆಗಾರನಾಗಿರಬೇಕು. ಕೇಳಲು ಇದು ಸಾಮಾನ್ಯವೆನಿಸಬಹುದು. ಆದರೆ ಒಬ್ಬ ಉದ್ಯೋಗಿಯನ್ನು ಎದುರು ಕೂರಿಸಿಕೊಂಡು, ನಿಮ್ಮಿಂದ ಕಂಪನಿ ಏನನ್ನು ನಿರೀಕ್ಷಿಸುತ್ತಿದೆ, ನಿಮ್ಮ ಮೇಲೆ ಎಷ್ಟು ಹಣ ಮತ್ತು ಗಮನ ಹೂಡಲು ಅದು ಸಿದ್ಧವಿದೆ, ಎಷ್ಟು ಸಿದ್ಧವಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಎಂಥ ಕಠಿಣ ಕೆಲಸವೆಂದು ಅಪ್ರೈಸಲ್ (ಉದ್ಯೋಗಿಯ ಕೆಲಸದ ಮೌಲ್ಯಮಾಪನ) ಮಾಡಿದ ಯಾರನ್ನಾದರೂ ಕೇಳಿ ನೋಡಿ. ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಹನ್ನೊಂದು ಪುಟಗಳ ಅಪ್ರೈಸಲ್ ನಮೂನೆ ಇತ್ತು, ಮತ್ತು ಅದನ್ನು ತುಂಬಿಸುವ ಹೊತ್ತಿಗೆ ಇಬ್ಬರಿಗೂ ಮಾತನಾಡುವ ಶಕ್ತಿಯೇ ಉಳಿಯುತ್ತಿರಲಿಲ್ಲ. ಆ ನಮೂನೆಯನ್ನು ಒಂದು ಪುಟಕ್ಕೆ ಇಳಿಸಬೇಕೆಂದು ನಾನು ಎರಡು ವರ್ಷ ವಾದಿಸಿದ್ದಕ್ಕೆ ಏವನ್ನಿನ ಈ ಅನುಭವವೇ ಪ್ರೇರಣೆ.

ಫಲ ಸಿಗಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. 2008ರಲ್ಲಿ ವಹಿವಾಟು ಸುಮಾರು 1,070 ಕೋಟಿ ಡಾಲರಿಗೆ ಏರಿತು. ಆಮೇಲಿನ ಕುಸಿತಕ್ಕೆ ಬೇರೆ ಕಾರಣಗಳಿವೆ, ಅದನ್ನು ಎಚ್‌ಆರ್ ವಿಭಾಗದ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂಬುದು ನನ್ನ ನಿಲುವು.

---

ನೇರ ಮಾರಾಟ ತಂಡದ ಮುಖ್ಯಸ್ಥೆ, ದಾವಣಗೆರೆ

ಮೇಲೆ ಬರೆದವರ ಅನುಭವಕ್ಕೆ ಗೌರವ ಸಲ್ಲಿಸುತ್ತಲೇ ಒಂದು ಮಾತು ಹೇಳಬೇಕೆನಿಸಿತು. ಸರ್, ತಾವು ಇಷ್ಟು ವಿವರವಾಗಿ ಬರೆದಿದ್ದೀರಿ, ಆದರೆ ಅಷ್ಟರಲ್ಲಿ ಎಲ್ಲಿಯೂ ಮಾರುವ ಹೆಣ್ಣುಮಕ್ಕಳ ಪ್ರಸ್ತಾಪ ಬರಲಿಲ್ಲ.

ಆ ಕಾಲದಲ್ಲಿ ಏವನ್ನಿನಲ್ಲಿ ಸಂಬಳ ಪಡೆಯುವ ಉದ್ಯೋಗಿಗಳು ಸುಮಾರು 40 ಸಾವಿರ ಮಂದಿ. ಸರಕನ್ನು ಕೊಂಡು ಮಾರುವ ಪ್ರತಿನಿಧಿಗಳು 50 ಲಕ್ಷಕ್ಕೂ ಹೆಚ್ಚು. ಒಬ್ಬ ಉದ್ಯೋಗಿಗೆ ನೂರಕ್ಕೂ ಹೆಚ್ಚು ಪ್ರತಿನಿಧಿಗಳು. ಇವರು ಯಾರೂ ಉದ್ಯೋಗಿಗಳಲ್ಲ. ಅವರಿಗೆ ಅಪ್ರೈಸಲ್ ಇಲ್ಲ, ಬಡ್ತಿಯಿಲ್ಲ, ಪಿಂಚಣಿಯಿಲ್ಲ. ನಾಳೆ ಬೆಳಿಗ್ಗೆ ಬೇಡವೆನಿಸಿದರೆ ಯಾರಿಗೂ ರಾಜೀನಾಮೆ ಕೊಡದೆ ಕೆಟಲಾಗನ್ನು ಅಟ್ಟದ ಮೇಲೆ ಇಟ್ಟು ಸುಮ್ಮನಾಗಬಹುದು. ಇಂಥ ಕಂಪನಿಯಲ್ಲಿ ಪ್ರತಿಭೆ ಎಂದರೆ ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಹೋಗಲು ಬರುವುದಿಲ್ಲ.

ನಾನು ಹದಿನಾಲ್ಕು ವರ್ಷಗಳಿಂದ ಈ ವ್ಯವಹಾರದಲ್ಲಿದ್ದೇನೆ. ಹಿಂದೆ ಒಂದು ಕಂಪನಿಯ ಸೌಂದರ್ಯವರ್ಧಕಗಳನ್ನು ಮಾರುತ್ತಿದ್ದೆ, ಈಗ ಇನ್ನೊಂದು ಕಂಪನಿಯ ಸರಕು ಮಾರುತ್ತೇನೆ. ಎರಡರ ಹೆಸರೂ ಇಲ್ಲಿ ಬೇಡ. ಮೊದಲ ಕಂಪನಿಯಲ್ಲಿ ನಮ್ಮ ಭಾಗಕ್ಕೆ ಒಬ್ಬ ಏರಿಯಾ ಮ್ಯಾನೇಜರ್ ಮೇಡಂ ಇದ್ದರು. ಹರಿಹರದಲ್ಲಿ ಯಾರ ಮನೆಯಲ್ಲಿ ಮಗಳ ಮದುವೆ ಗೊತ್ತಾಗಿದೆ, ಚನ್ನಗಿರಿಯಲ್ಲಿ ಯಾರು ಬಾಣಂತನಕ್ಕೆ ಹೋಗಿದ್ದಾರೆ, ಅಡಿಕೆ ದುಡ್ಡು ಯಾವ ತಿಂಗಳು ಕೈಗೆ ಬರುತ್ತದೆ, ಶ್ರಾವಣದಲ್ಲಿ ಏನು ಹೋಗುತ್ತದೆ, ಆಷಾಢದಲ್ಲಿ ಏಕೆ ಏನೂ ಹೋಗುವುದಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ನಮ್ಮ ಅಜ್ಜಿಯ ಕಾಲದಲ್ಲಿ ಮಲಾರ ಹೊತ್ತು ಬರುತ್ತಿದ್ದ ಬಳೆಗಾರನಿಗೆ ಊರಿನ ಪ್ರತಿ ಮನೆಯ ಹೆಣ್ಣುಮಕ್ಕಳ ಕೈಯಳತೆ ನೆನಪಿರುತ್ತಿತ್ತಂತೆ. ಈ ಮೇಡಂ ಹಾಗಿದ್ದರು. ತಿಂಗಳ ಕೊನೆಯಲ್ಲಿ ಮಾರಾಟಕ್ಕೆ ಸಿಗುವ ಪಾಯಿಂಟ್ ಸಾಲದಿದ್ದರೆ, ಸಾಲ ಮಾಡಿ ಸರಕು ತುಂಬಿಸಿಕೊಳ್ಳಬೇಡಿ, ಮುಂದಿನ ತಿಂಗಳು ನೋಡೋಣ ಎಂದು ಅವರೇ ಹೇಳುತ್ತಿದ್ದರು.

ಆಮೇಲೆ ಮುಖ್ಯ ಕಚೇರಿಯಿಂದ ಹೊಸ ಪದ್ಧತಿ ಬಂತು. ಮ್ಯಾನೇಜರ್‌ಗಳನ್ನು ಅಳೆದು, ಹೆಚ್ಚು ಅಂಕ ಪಡೆದವರನ್ನು ಎರಡು ವರ್ಷಕ್ಕೊಮ್ಮೆ ಬೇರೆ ಜಾಗಕ್ಕೆ ಕಳಿಸುವ ಪದ್ಧತಿ ಅದು. ನಮ್ಮ ಮೇಡಂ ಅತ್ಯುತ್ತಮರೆಂದು ಗುರುತಾದರು. ಆದ್ದರಿಂದ ಅವರನ್ನು ದೊಡ್ಡ ನಗರಕ್ಕೆ ವರ್ಗಾಯಿಸಿದರು. ಅವರ ಜಾಗಕ್ಕೆ ಬಂದ ಯುವಕ ಓದಿಕೊಂಡವನು, ಮರ್ಯಾದಸ್ಥ, ಕಷ್ಟಪಟ್ಟು ದುಡಿಯುತ್ತಿದ್ದ. ಆದರೆ ಅವನಿಗೆ ಒಂದು ಹೆಸರೂ ಗೊತ್ತಿರಲಿಲ್ಲ, ಪರದೆಯ ಮೇಲೆ ಪಾಯಿಂಟ್ ಮಾತ್ರ ಕಾಣುತ್ತಿತ್ತು. ಒಂದು ವರ್ಷದೊಳಗೆ ನನ್ನ ಕೈಕೆಳಗಿದ್ದ ಅರವತ್ತೆರಡು ಮಂದಿಯಲ್ಲಿ ಹತ್ತೊಂಬತ್ತು ಮಂದಿ ಉಳಿದರು. ಇದರಲ್ಲಿ ಆ ಯುವಕನ ತಪ್ಪಿಲ್ಲ, ಮೇಡಂ ಅವರ ತಪ್ಪೂ ಇಲ್ಲ. ಮ್ಯಾನೇಜರನ್ನು ಅಳೆದವರು, ಅವರು ನೆಲೆಯೂರಿದ್ದ ನಂಟನ್ನು ಅಳೆಯಲಿಲ್ಲ.

ಏವನ್ನಿನಲ್ಲಿ ಹೀಗೇ ಆಯಿತೆಂದು ನಾನು ಹೇಳುತ್ತಿಲ್ಲ. ಹದಿನೈದು ಹಂತಗಳನ್ನು ಎಂಟಕ್ಕೆ ಇಳಿಸಿದಾಗ ಹೋದವರಲ್ಲಿ ಇಂಥ ನಂಟು ಹಿಡಿದವರು ಎಷ್ಟು ಮಂದಿ ಇದ್ದರೆಂದು ಯಾರಾದರೂ ಎಣಿಸಿದ್ದರೇ ಎಂದಷ್ಟೇ ಕೇಳುತ್ತಿದ್ದೇನೆ.

---

ವಾಣಿಜ್ಯಶಾಸ್ತ್ರ ಉಪನ್ಯಾಸಕ, ಧಾರವಾಡ

ಮೇಲಿನ ಎರಡೂ ಉತ್ತರಗಳನ್ನು ಓದಿದ ಮೇಲೆ ಮೂಲ ಪ್ರಶ್ನೆಗೆ ಹಿಂದಿರುಗುತ್ತೇನೆ. ಜಾಗತಿಕ ಕಾರ್ಯತಂತ್ರ ಮತ್ತು ಪ್ರತಿಭಾ ನಿರ್ವಹಣೆ ಒಂದೇ ವಿಷಯದ ಎರಡು ಮುಖಗಳೆಂಬ ನಿಮ್ಮ ಊಹೆ ಸರಿಯೆಂದು ನನಗೆ ತೋರುತ್ತದೆ. ಅದಕ್ಕೆ ಬೇಕಾದ ಆಧಾರ ಮೂರು ದೇಶಗಳಲ್ಲಿ ಸಿಗುತ್ತದೆ: ಚೀನಾ, ಬ್ರೆಜಿಲ್ ಮತ್ತು ಕೆನಡಾ.

ಚೀನಾದ ಕಥೆಯನ್ನು ನಿಧಾನವಾಗಿ ಓದಬೇಕು. ಏವನ್ 1990ರಲ್ಲಿ ಅಲ್ಲಿಗೆ ಹೋಯಿತು. ಹೊಸಬರನ್ನು ಸೇರಿಸಿ ಅವರ ಹಣವನ್ನು ಮೇಲಿನವರಿಗೆ ಹಂಚುವ ಪಿರಮಿಡ್ ವಂಚನೆಗಳಿಂದ ಬೇಸತ್ತ ಚೀನಾ ಸರ್ಕಾರ 1998ರ ಏಪ್ರಿಲ್‌ನಲ್ಲಿ ನೇರ ಮಾರಾಟವನ್ನೇ ನಿಷೇಧಿಸಿತು. ನೂರು ವರ್ಷಗಳಿಂದ ಮನೆಬಾಗಿಲಲ್ಲಿ ಬೆಳೆದ ಕಂಪನಿ ರಾತ್ರಿ ಬೆಳಗಾಗುವುದರಲ್ಲಿ ಅಂಗಡಿಯ ಕಂಪನಿಯಾಗಬೇಕಾಯಿತು, ಮತ್ತು ಸಾವಿರಾರು ಚಿಕ್ಕ ಅಂಗಡಿಗಳ ಮಾಲೀಕರೇ ಅಲ್ಲಿ ಅದರ ಮಾರಾಟದ ಬಲವಾದರು. ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿದ ಚೀನಾ ನಿಷೇಧವನ್ನು ಸಡಿಲಿಸಬೇಕಾಗಿ ಬಂದಾಗ, ಪ್ರಾಯೋಗಿಕ ಅನುಮತಿ 2005ರಲ್ಲಿ ಸಿಕ್ಕಿದ್ದು ಏವನ್ನಿಗೆ. ಆ ವರ್ಷದ ಕೊನೆಯಲ್ಲಿ ಬಂದ ನಿಯಮಗಳು ಬಿಗಿಯಾಗಿದ್ದವು: ಪ್ರತಿನಿಧಿಗೆ ಆಕೆ ಸ್ವತಃ ಮಾರಿದ್ದರ ಮೇಲೆ ಮಾತ್ರ ಕಮಿಷನ್, ಅದೂ ಶೇಕಡಾ 30ನ್ನು ಮೀರುವಂತಿಲ್ಲ, ಆಕೆ ಸೇರಿಸಿದ ಕೆಳಗಿನವರ ಮಾರಾಟದಿಂದ ಬರುವ ಆದಾಯಕ್ಕೆ ಅವಕಾಶವಿಲ್ಲ. 2006ರ ಫೆಬ್ರವರಿಯಲ್ಲಿ ಏವನ್ನಿಗೆ ಪೂರ್ಣ ಪರವಾನಗಿ ದೊರೆಯಿತು. ಮೊದಲ ಪರವಾನಗಿ ತನಗೇ ಸಿಕ್ಕಿತೆಂಬುದು ಕಂಪನಿಯ ಜಾಗತಿಕ ಕಾರ್ಯತಂತ್ರದ ದೊಡ್ಡ ಗೆಲುವೆಂದು ಎಲ್ಲರೂ ಬರೆದರು. ಎಂಟು ವರ್ಷ ಅಂಗಡಿ ನಡೆಸಿ ಕಂಪನಿಯನ್ನು ಕಾಪಾಡಿದ ಮಾಲೀಕರ ಪಾಲಿಗೆ ಮಾತ್ರ, ಅದೇ ಸರಕನ್ನು ಹೊತ್ತು ಬೀದಿಗಿಳಿದ ಪ್ರತಿನಿಧಿಗಳು ಹೊಸ ಪ್ರತಿಸ್ಪರ್ಧಿಗಳಾದರು.

ಆದರೆ ಆ ಪರವಾನಗಿ ಹೇಗೆ ಸಿಕ್ಕಿತೆಂಬುದು ಆಮೇಲೆ ಬಯಲಾಯಿತು. 2004ರಿಂದ 2008ರವರೆಗೆ ಏವನ್ನಿನ ಚೀನಾ ಘಟಕ ಅಲ್ಲಿನ ಅಧಿಕಾರಿಗಳಿಗೆ ಸುಮಾರು 80 ಲಕ್ಷ ಡಾಲರ್ ಮೌಲ್ಯದ ನಗದು, ಉಡುಗೊರೆ, ಪ್ರವಾಸ ಮತ್ತು ಸತ್ಕಾರ ಒದಗಿಸಿತ್ತು. 2014ರ ಡಿಸೆಂಬರ್‌ನಲ್ಲಿ ಚೀನಾ ಘಟಕ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು, ಒಟ್ಟು 13.5 ಕೋಟಿ ಡಾಲರ್ ದಂಡ ಮತ್ತು ವಸೂಲಾತಿಗೆ ಕಂಪನಿ ಒಪ್ಪಿತು. ಈ ಪ್ರಕರಣದಲ್ಲಿ ನನ್ನನ್ನು ಅತಿಹೆಚ್ಚು ಕಲಕಿದ ಸಂಗತಿ ಹಣದ ಮೊತ್ತವಲ್ಲ. ಕಂಪನಿಯ ಒಳ ಲೆಕ್ಕಪರಿಶೋಧಕರು ಈ ಅಕ್ರಮವನ್ನು 2005ರಲ್ಲೇ ಕಂಡುಹಿಡಿದಿದ್ದರು. ವಿಷಯ ತಿಳಿದ ಅಧಿಕಾರಿಗಳು ಅದನ್ನು ತಡೆಯುವುದನ್ನು ಬಿಟ್ಟು ಮುಚ್ಚಿಡುವ ದಾರಿ ಹಿಡಿದರೆಂದು ಅಮೆರಿಕದ ನ್ಯಾಯ ಇಲಾಖೆ ದಾಖಲಿಸಿದೆ. 2008ರಲ್ಲಿ ಒಬ್ಬ ಉದ್ಯೋಗಿ ನೇರವಾಗಿ ಸಿಇಒ ಅವರಿಗೆ ಬರೆದ ಮೇಲೆಯೇ ತನಿಖೆ ಆರಂಭವಾಯಿತು.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹದಿನೈದು ಹಂತಗಳು ಎಂಟಾಗುತ್ತಿದ್ದ ಕಾಲ, ಪಾರದರ್ಶಕತೆ ಮತ್ತು ಹೊಣೆಗಾರಿಕೆಗಳನ್ನು ತತ್ತ್ವಗಳೆಂದು ಬರೆಯುತ್ತಿದ್ದ ಕಾಲ, ಮತ್ತು ಲೆಕ್ಕಪರಿಶೋಧಕರ ವರದಿ ಕತ್ತಲಿಗೆ ಸೇರಿದ ಕಾಲ ಒಂದಕ್ಕೊಂದು ತಾಗಿಕೊಂಡಿವೆ. ಎಚ್‌ಆರ್ ಪದ್ಧತಿ ಬರೆದವರಿಗೆ ಚೀನಾದ ವಿಷಯ ತಿಳಿದಿತ್ತೆಂದು ನಾನು ಸೂಚಿಸುತ್ತಿಲ್ಲ. ಆದರೆ ಒಬ್ಬ ಮ್ಯಾನೇಜರ್ ಗುರಿ ಮುಟ್ಟಿದನೇ ಎಂಬುದರ ಜೊತೆಗೆ ಯಾವ ದಾರಿಯಲ್ಲಿ ಮುಟ್ಟಿದ ಎಂಬುದನ್ನೂ ಪದ್ಧತಿ ಅಳೆಯಬೇಕಿದ್ದರೆ, ಚೀನಾದಲ್ಲಿ ಪರವಾನಗಿ ತಂದವರನ್ನು ಆ ಅಳತೆಗೆ ಹಚ್ಚಿದಾಗ ಏನು ಕಂಡಿತು? ಜಾಗತಿಕ ಕಾರ್ಯತಂತ್ರಕ್ಕೆ ಚೀನಾ ಎಷ್ಟು ಮುಖ್ಯವಾಗಿತ್ತೆಂದರೆ, ಅಲ್ಲಿ ಯಾರೂ ಆ ಎರಡನೆಯ ಪ್ರಶ್ನೆಯನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಬ್ರೆಜಿಲ್ ವಿಷಯ ಚಿಕ್ಕದು. 1950ರ ದಶಕದ ಕೊನೆಯಲ್ಲಿ ಅಲ್ಲಿಗೆ ಹೋದ ಏವನ್, ಅಮೆಜಾನ್ ನದಿಯ ಹಳ್ಳಿಗಳಿಗೂ ದೋಣಿಯಲ್ಲಿ ಲಿಪ್‌ಸ್ಟಿಕ್ ತಲುಪಿಸುವಷ್ಟು ಆಳಕ್ಕೆ ಇಳಿದಿತ್ತು, ಮುಂದೆ ಬ್ರೆಜಿಲ್ ಅದರ ಅತಿದೊಡ್ಡ ಮಾರುಕಟ್ಟೆಯಾಯಿತು. 2011ರಲ್ಲಿ ಹೊಸ ಕಂಪ್ಯೂಟರ್ ವ್ಯವಸ್ಥೆ ಅಳವಡಿಸುವಾಗ ಸರಕು ಸರಿಯಾದ ಸಮಯಕ್ಕೆ ತಲುಪದೆ ಪ್ರತಿನಿಧಿಗಳು ತೊಂದರೆಗೊಳಗಾದರು. ಬೇಸತ್ತವರು ಹೋಗಬೇಕೆಂದರೆ, 1969ರಲ್ಲಿ ಸಾವೊ ಪೌಲೊದಲ್ಲಿ ಹುಟ್ಟಿ ಅದೇ ಬೀದಿಗಳಲ್ಲಿ ಬೆಳೆದ ನಾಟುರಾ ಪಕ್ಕದಲ್ಲೇ ಇತ್ತು.

ಕೆನಡಾದ ಘಟನೆ ದಾವಣಗೆರೆಯ ಮೇಡಂ ಅವರ ಮಾತಿಗೆ ಅತ್ಯಂತ ಸಮೀಪವಾದದ್ದು. ಆರ್ಡರ್ ಪಡೆಯುವ ಪದ್ಧತಿಯನ್ನು ಜಗತ್ತಿನಾದ್ಯಂತ ಒಂದೇ ಮಾಡಬೇಕೆಂದು ಏವನ್ ಹಲವು ವರ್ಷ ದುಡಿದು, ಪ್ರಾಮಿಸ್ ಎಂಬ ಹೆಸರಿನ ಯೋಜನೆಯನ್ನು 2013ರಲ್ಲಿ ಕೆನಡಾದಲ್ಲಿ ಪರೀಕ್ಷೆಗೆ ಇಳಿಸಿತು. ಹೊಸ ವ್ಯವಸ್ಥೆಯನ್ನು ಬಳಸುವುದು ಪ್ರತಿನಿಧಿಗಳಿಗೆ ಎಷ್ಟು ತ್ರಾಸದಾಯಕವಾಯಿತೆಂದರೆ, ಗಮನಾರ್ಹ ಸಂಖ್ಯೆಯಲ್ಲಿ ಅವರು ಕಂಪನಿಯನ್ನೇ ಬಿಟ್ಟು ಹೋದರು. ಅದೇ ಡಿಸೆಂಬರ್‌ನಲ್ಲಿ ಕಂಪನಿ ಯೋಜನೆಯನ್ನು ನಿಲ್ಲಿಸಿತು. ನೂರು ಕೋಟಿಗಳ ಲೆಕ್ಕದಲ್ಲಿ ಯೋಚಿಸುವ ಕಂಪನಿಗೂ ಹತ್ತು ಕೋಟಿ ಡಾಲರ್ ಮೀರಿದ ಆ ನಷ್ಟ ಸಣ್ಣದಲ್ಲ. ಸಂಬಳದ ಉದ್ಯೋಗಿಗೆ ಹೊಸ ಸಾಫ್ಟ್‌ವೇರ್ ಇಷ್ಟವಾಗದಿದ್ದರೂ ಗೊಣಗಿಕೊಂಡು ಕಲಿಯುತ್ತಾನೆ. ಪ್ರತಿನಿಧಿಗೆ ಆ ನಿರ್ಬಂಧವಿಲ್ಲ. ಕಚೇರಿಯ ಆಜ್ಞೆ ಮನೆಬಾಗಿಲ ಬಳಿ ಬರೀ ಕೋರಿಕೆಯಾಗುತ್ತದೆ ಎಂಬುದನ್ನು ಜಾಗತಿಕ ಏಕರೂಪತೆಯನ್ನು ಬಯಸಿದವರು ಮರೆತಿದ್ದರು.

---

ಎಚ್‌ಆರ್ ವೃತ್ತಿ, ಬೆಂಗಳೂರು

ದಾವಣಗೆರೆಯ ಮೇಡಂ ಅವರ ಉತ್ತರವನ್ನು ಎರಡು ಸಲ ಓದಿದೆ. ಪ್ರತಿನಿಧಿಗಳ ಪ್ರಸ್ತಾಪವೇ ಬಂದಿಲ್ಲ ಎಂದು ಅವರು ತೋರಿಸಿದ್ದು ಸರಿ, ನಾನು ಅದನ್ನು ಒಪ್ಪಿಕೊಳ್ಳಲೇಬೇಕು. ಎಚ್‌ಆರ್ ಕಚೇರಿಯಲ್ಲಿ ಕುಳಿತವರಿಗೆ ವೇತನ ಪಟ್ಟಿಯಲ್ಲಿ ಹೆಸರಿರುವವರು ಮಾತ್ರ ಜನರಾಗಿ ಕಾಣುತ್ತಾರೆ.

ಆದರೂ ಒಂದು ವಿಷಯದಲ್ಲಿ ನನ್ನ ಹಳೆಯ ನಿಲುವನ್ನು ಬಿಡಲಾರೆ. ಸ್ಥಳೀಯ ನಂಟು ದೊಡ್ಡದು, ಆದರೆ ಸ್ಥಳೀಯ ನಂಟಿನ ಹೆಸರಿನಲ್ಲಿ ಸಾಮಂತಗಿರಿಯನ್ನೂ ಕಾಪಾಡಿಕೊಳ್ಳಬಹುದು. ಚೀನಾದಲ್ಲಿ ನಡೆದದ್ದು ಸ್ಥಳೀಯರಿಗೆ ಹೆಚ್ಚು ಬಿಟ್ಟದ್ದರ ಫಲವೇ, ಅಥವಾ ಕೇಂದ್ರದ ಒತ್ತಡದ ಫಲವೇ? ಎರಡೂ ಇರಬಹುದೆಂದು ನನ್ನ ಎಣಿಕೆ. ಹೊಣೆಗಾರಿಕೆಯ ಪದ್ಧತಿ ಇಲ್ಲದ ಹಳೆಯ ಏವನ್ನಿನಲ್ಲಿ ಅದು ಇನ್ನೂ ತಡವಾಗಿ ಹೊರಬರುತ್ತಿತ್ತು. ಹಾಗೆಯೇ ಸರಳವಾದ ಅಪ್ರೈಸಲ್ ತಪ್ಪು ಮಾಡಲಿಲ್ಲ. ಅದಕ್ಕೆ ಕೊಟ್ಟ ಪ್ರಶ್ನೆಪತ್ರಿಕೆಯಲ್ಲಿ ಒಂದು ಮುಖ್ಯ ಪ್ರಶ್ನೆ ಬಿಟ್ಟುಹೋಗಿತ್ತು.

ವಿದ್ಯಾರ್ಥಿನಿಗೆ ಒಂದು ಸೂಚನೆ. ಏವನ್ನಿನಲ್ಲಿ ಕಚೇರಿಗೂ ಪ್ರತಿನಿಧಿಗೂ ನಡುವೆ ಡಿಸ್ಟ್ರಿಕ್ಟ್ ಮ್ಯಾನೇಜರ್ ಎಂಬ ಹುದ್ದೆ ಇತ್ತು; ಅವರು ಸಂಬಳದ ಉದ್ಯೋಗಿಗಳು, ಆದರೆ ಅವರ ದಿನ ಕಳೆಯುತ್ತಿದ್ದದ್ದು ಪ್ರತಿನಿಧಿಗಳ ಜೊತೆ. ಸೆಮಿನಾರಿನ ಕೇಂದ್ರದಲ್ಲಿ ಆ ಹುದ್ದೆಯನ್ನು ಇಟ್ಟರೆ ನಿಮ್ಮ ಎರಡು ಮುಖಗಳು ಎಲ್ಲಿ ಸೇರುತ್ತವೆಂಬುದು ತಾನಾಗಿ ಕಾಣುತ್ತದೆ. ಮೇಲೆ ಜಾಗತಿಕ ವಿಭಾಗಗಳಿಗೆ ಬೇಕಾದವರನ್ನು ಹುಡುಕಲು ಎಷ್ಟು ಶ್ರಮ ಪಟ್ಟರೋ, ಈ ಹುದ್ದೆಗೆ ಬೇಕಾದವರನ್ನು ಉಳಿಸಿಕೊಳ್ಳಲು ಅಷ್ಟೇ ಶ್ರಮ ಬೇಕಿತ್ತು.

---

ಎಂಬಿಎ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಸೆಮಿನಾರಿನ ಮೊದಲ ಅಧ್ಯಾಯವನ್ನು ಮತ್ತೆ ಬರೆಯಲು ನಿರ್ಧರಿಸಿದ್ದೇನೆ. ಕಂಪನಿಯ ಪರಿಚಯವನ್ನು ಜಂಗ್ ಅವರಿಂದ ಆರಂಭಿಸಿದ್ದೆ. ಈಗ ಶ್ರೀಮತಿ ಆಲ್ಬೀ ಅವರಿಂದ ಆರಂಭಿಸುತ್ತೇನೆ. ಅವರು ಸುಗಂಧದ್ರವ್ಯ ಮಾರಿದ್ದಷ್ಟೇ ಅಲ್ಲದೆ ಊರೂರು ಸುತ್ತಿ ಬೇರೆ ಹೆಣ್ಣುಮಕ್ಕಳನ್ನು ಹುಡುಕಿ ತರಬೇತಿ ಕೊಟ್ಟರು. ಆ ಕಂಪನಿಯ ಮೊದಲ ಟ್ಯಾಲೆಂಟ್ ಮ್ಯಾನೇಜರ್ ಅವರೇ ಎಂದು ಈಗ ಅನಿಸುತ್ತಿದೆ.

ಇನ್ನೆರಡು ಪ್ರಶ್ನೆ ಉಳಿದಿವೆ. ನಮ್ಮ ದೇಶದ ಕಾನೂನು ಕಂಪನಿ ಮತ್ತು ಪ್ರತಿನಿಧಿಯ ಈ ಸಂಬಂಧವನ್ನು ಹೇಗೆ ನೋಡುತ್ತದೆ ಎಂಬುದು ಮೊದಲನೆಯದು. ಎರಡನೆಯದು ದಾವಣಗೆರೆಯ ಮೇಡಂ ಅವರಿಗೆ: ಮ್ಯಾನೇಜರ್‌ಗಳ ಅಪ್ರೈಸಲ್ ನಮೂನೆಯಲ್ಲಿ ಒಂದೇ ಒಂದು ಪ್ರಶ್ನೆ ಸೇರಿಸುವ ಅವಕಾಶ ನಿಮಗಿದ್ದರೆ ಏನನ್ನು ಸೇರಿಸುತ್ತೀರಿ?

---

ವಾಣಿಜ್ಯಶಾಸ್ತ್ರ ಉಪನ್ಯಾಸಕ, ಧಾರವಾಡ

ಮೊದಲನೆಯದಕ್ಕೆ ಉತ್ತರಿಸುತ್ತೇನೆ. ಹಣ ತಿರುಗಿಸುವ ಯೋಜನೆಗಳನ್ನು ನಿಷೇಧಿಸುವ 1978ರ ಕಾಯ್ದೆ ಮೊದಲಿನಿಂದಲೂ ಇತ್ತು. ನೇರ ಮಾರಾಟಕ್ಕೆಂದೇ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2021ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಸೇರುವುದಕ್ಕೆ ಶುಲ್ಕ ವಸೂಲು ಮಾಡುವಂತಿಲ್ಲ, ಪಿರಮಿಡ್ ಯೋಜನೆ ನಡೆಸುವಂತಿಲ್ಲ, ದೂರು ಆಲಿಸಲು ಅಧಿಕಾರಿಯೊಬ್ಬರು ಇರಬೇಕು, ಮತ್ತು ಪ್ರತಿನಿಧಿಗಳು ಮಾರುವ ಸರಕಿನ ಬಗ್ಗೆ ಬರುವ ದೂರುಗಳಿಗೆ ಕಂಪನಿಯೂ ಹೊಣೆಯಾಗುತ್ತದೆ. ಪ್ರತಿನಿಧಿಯನ್ನು ಉದ್ಯೋಗಿಯೆಂದು ಈ ನಿಯಮಗಳು ಪರಿಗಣಿಸುವುದಿಲ್ಲ. ಆದರೆ ಆಕೆಯ ಜೊತೆ ಲಿಖಿತ ಒಪ್ಪಂದ ಇರಬೇಕೆಂದು ಹೇಳುತ್ತವೆ. ನಿಮ್ಮ ಸೆಮಿನಾರಿಗೆ ಇದು ಸಾಕಾಗುತ್ತದೆ.

---

ನೇರ ಮಾರಾಟ ತಂಡದ ಮುಖ್ಯಸ್ಥೆ, ದಾವಣಗೆರೆ

ನಿಮ್ಮ ಪ್ರಶ್ನೆಯನ್ನು ನಮ್ಮ ವಾರದ ಸಭೆಯಲ್ಲಿ ಓದಿ ಹೇಳಿದೆ ತಂಗಿ. ಹನ್ನೆರಡು ಮಂದಿ ಇದ್ದರು, ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರು ಸರಕು ಹಿಂದಿರುಗಿಸಿದಾಗ ಹಣ ಎಷ್ಟು ದಿನಕ್ಕೆ ಬಂತೆಂದು ಕೇಳಿ ಎಂದರು, ಅದೂ ಒಳ್ಳೆಯ ಪ್ರಶ್ನೆಯೇ.

ಕೊನೆಗೆ ಎಲ್ಲರೂ ಒಪ್ಪಿದ್ದು ಇದು: ಒಬ್ಬ ಮ್ಯಾನೇಜರಿಗೆ ಅಂಕ ಕೊಡುವಾಗ, ಅವರು ಹಿಂದಿನ ಜಾಗವನ್ನು ಬಿಟ್ಟು ಬಂದು ಒಂದು ವರ್ಷವಾದ ಮೇಲೆ ಅಲ್ಲಿ ಎಷ್ಟು ಮಂದಿ ಪ್ರತಿನಿಧಿಗಳು ಇನ್ನೂ ಮಾರುತ್ತಿದ್ದಾರೆ ಎಂದು ನೋಡಬೇಕು. ತಮ್ಮ ನಂಟನ್ನು ಮುಂದೆ ಬರುವವರ ಕೈಗೆ ಒಪ್ಪಿಸಿ ಬಂದವರು ಯಾರು, ಹಾಗೇ ಬಿಟ್ಟು ಬಂದವರು ಯಾರು ಎಂಬುದು ಅದರಿಂದ ತಿಳಿಯುತ್ತದೆ. ನಮ್ಮ ಹಳೆಯ ಮೇಡಂ ಅವರಿಗೆ ಹಾಗೆ ಒಪ್ಪಿಸಲು ಕಂಪನಿ ಕೊಟ್ಟದ್ದು ಮೂರು ದಿನ. ಮೂರು ತಿಂಗಳು ಕೊಟ್ಟಿದ್ದರೆ, ಆ ಹುಡುಗನನ್ನು ಕರೆದುಕೊಂಡು ಪ್ರತಿ ಮನೆಗೂ ಅವರೇ ಹೋಗುತ್ತಿದ್ದರು.